ಮುಪ್ಪಿನ ಊಟದೆಲೆ

ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ನುಂಗುವುದಕ್ಕೆ ಮುದುಕರು ಅಷ್ಟಾಗಿ ಹಟ ಮಾಡುವುದಿಲ್ಲ. ಅದೇ ವೈದ್ಯರು "ಅನ್ನ ಸ್ವಲ್ಪ ಕಡಿಮೆ ಮಾಡಿ, ಪಲ್ಯ ಸ್ವಲ್ಪ ಹೆಚ್ಚು ಮಾಡಿ" ಎಂದರೆ ಮಾತ್ರ ಮುಖ ಸಿಂಡರಿಸಿಕೊಳ್ಳುತ್ತಾರೆ. ಗುಳಿಗೆ ನಿನ್ನೆ ಮೊನ್ನೆ ಮನೆಗೆ ಬಂದದ್ದು. ಅನ್ನವಾದರೋ ಅರವತ್ತು ವರ್ಷಗಳ ಸಂಗಾತಿ. ಅದನ್ನು ಬಿಡು ಎನ್ನುವುದು ಪಥ್ಯವಲ್ಲ, ಅಗಲಿಕೆ. ಮುಪ್ಪಿನವರು ಆಹಾರದ ನಿಯಮಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆಂಬ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟವನಿಗೆ ಈ ಸಣ್ಣ ಸಂಗತಿ ಮೊದಲು ಗೊತ್ತಿರಬೇಕು.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಸಿಂಧನೂರಿನ ಆರ್.ಎಚ್. ಕ್ಯಾಂಪಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಬಹಳ ಇಲ್ಲ. ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ರಾಯಚೂರು ಜಿಲ್ಲೆಯ ಎರೆಯ ನೆಲಕ್ಕೆ ತುಂಗಭದ್ರಾ ಎಡದಂಡೆಯ ಕಾಲುವೆ ಬಂದು, ನೋಡನೋಡುತ್ತ ಅದು ಭತ್ತದ ಸೀಮೆಯಾಯಿತು. ಕಾಲುವೆಯ ನೀರಿನ ಜೊತೆಗೆ ಜನವೂ ಹರಿದುಬಂದಿತು. ಆಂಧ್ರದ ಕರಾವಳಿಯ ರೈತರು ಬಂದು ನೆಲೆಯೂರಿದ ಊರುಗಳಿಗೆಲ್ಲ 'ಕ್ಯಾಂಪ್' ಎಂಬ ಹೆಸರೇ ಅಂಟಿಕೊಂಡಿತು. ಅವರ ಬೆನ್ನಿಗೇ ಎನ್ನಬಹುದಾದಂತೆ, ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಹಿಂದೂ ನಿರಾಶ್ರಿತರಿಗೂ ಸರ್ಕಾರ ಇಲ್ಲಿಯೇ ನೆಲೆ ಕಲ್ಪಿಸಿತು. ಆರ್.ಎಚ್. ಎಂಬ ಎರಡಕ್ಷರದ ಅರ್ಥ ಪುನರ್ವಸತಿ ಎಂದಷ್ಟೆ. ಡೇರೆ ಕಿತ್ತು ಗೋಡೆ ಎದ್ದು ಅರ್ಧ ಶತಮಾನವಾದರೂ ಊರಿನ ಹೆಸರು ಮಾತ್ರ ಇನ್ನೂ ಶಿಬಿರವಾಗಿಯೇ ಉಳಿದಿದೆ.

ಬಂದವರಲ್ಲಿ ಬಹುಪಾಲು ಜನ ನಮಶೂದ್ರರು. ನದಿ, ಕೆರೆ, ಗದ್ದೆಗಳ ನಡುವೆ ಬದುಕಿದವರು. ಅವರ ನಾಡಿನಲ್ಲಿ ಊಟವೆಂದರೆ ಅನ್ನ ಮತ್ತು ಮೀನು. ಉಳಿದದ್ದೆಲ್ಲ ಅವುಗಳ ಪರಿವಾರ. ಕಾಲುವೆಯ ಸೀಮೆ ಅವರಿಗೆ ಅನ್ನವನ್ನು ಕೊಟ್ಟಿತು. ಕೆರೆ ಹೊಂಡಗಳು ಮೀನನ್ನೂ ಒದಗಿಸಿದವು. ಹೀಗೆ ರೊಟ್ಟಿಯ ನಾಡಿನ ನಟ್ಟನಡುವೆ ಸಾಸಿವೆಯೆಣ್ಣೆಯ ವಾಸನೆಯ ಒಂದು ದ್ವೀಪ ನಿಂತಿತು. ಅಂದು ತಾಯಿಯ ಕಂಕುಳಲ್ಲಿ ಬಂದ ಕೂಸುಗಳು ಇಂದು ಅರವತ್ತರ ಹತ್ತಿರದವರು. ಅಂದಿನ ಸೊಸೆಯಂದಿರು ಇಂದಿನ ಠಾಕುಮಾಗಳು, ಎಂದರೆ ಅಜ್ಜಿಯರು.

ಇನ್ನು ನಿಯಮಗಳ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೪ರ ಮೇ ತಿಂಗಳಿನಲ್ಲಿ ಭಾರತೀಯರಿಗಾಗಿ ಹದಿನೇಳು ಆಹಾರಸೂತ್ರಗಳನ್ನು ಹೊಸದಾಗಿ ಹೊರಡಿಸಿದರು. ಎರಡು ಸಾವಿರ ಕ್ಯಾಲೊರಿಯ ಒಂದು ದಿನದ ಊಟಕ್ಕೆ ಅವರ ಲೆಕ್ಕ ಹೀಗಿದೆ: ಧಾನ್ಯ ೨೫೦ ಗ್ರಾಂ, ತರಕಾರಿ ೪೦೦, ಹಣ್ಣು ೧೦೦, ಬೇಳೆಕಾಳು ಅಥವಾ ಮೀನುಮೊಟ್ಟೆಗಳು ೮೫, ಬೀಜಗಳು ೩೫, ಎಣ್ಣೆ ೨೭ ಗ್ರಾಂ, ಹಾಲು ಮೊಸರು ೩೦೦ ಮಿಲಿಲೀಟರು. ಉಪ್ಪು ಐದು ಗ್ರಾಂ ಮೀರಬಾರದು. ಎಂದರೆ ಒಂದು ಟೀ ಚಮಚೆ. ದೇಹಕ್ಕೆ ಬೇಕಾದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ ನಲವತ್ತೈದಕ್ಕಿಂತ ಹೆಚ್ಚಾಗಬಾರದೆಂದು ಅವರ ಸಲಹೆ. ನಮ್ಮ ದೇಶದ ಊಟದಲ್ಲಿ ಅದು ಐವತ್ತರಿಂದ ಎಪ್ಪತ್ತರವರೆಗೆ ಇದೆಯೆಂಬುದು ಅವರದೇ ದೂರು.

ಈ ಸಂಸ್ಥೆಯ ಹುಟ್ಟಿನಲ್ಲಿಯೂ ಅನ್ನದ ಕಥೆಯೇ ಇದೆ. ೧೯೧೮ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ನೀಲಗಿರಿಯ ಕೂನೂರಿನಲ್ಲಿ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆ ಕುಳಿತರು; ಅದೇ ಬೆಳೆದು ಈ ಸಂಸ್ಥೆಯಾಯಿತು. ಬೆರಿಬೆರಿ ಪಾಲಿಷ್ ಅಕ್ಕಿಯನ್ನೇ ನೆಚ್ಚಿಕೊಂಡವರ ರೋಗ. ಗಿರಣಿಯಲ್ಲಿ ತೌಡು ಹೋದರೆ ಅದರ ಜೊತೆಗೆ ಜೀವಸತ್ವವೂ ಹೋಗುತ್ತದೆ. ಅಂಥ ರೋಗ ಈಗ ಅಪರೂಪವಾಗಿರಬಹುದು. ಆದರೆ ಬೆಳ್ಳಗಿದ್ದಷ್ಟೂ ಅಕ್ಕಿ ಶ್ರೇಷ್ಠವೆಂಬ ಮೋಹ ಮಾತ್ರ ಸಿಂಧನೂರಿನ ಗಿರಣಿಗಳ ಸದ್ದಿನಷ್ಟೇ ಜೀವಂತವಾಗಿದೆ.

ಸೂತ್ರಗಳ ಪುಸ್ತಕವನ್ನು ಮಡಿಚಿಟ್ಟು, ಕ್ಯಾಂಪಿನಂಥ ಊರಿನ ಎರಡು ಮನೆಗಳನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಮೊದಲನೆಯದರಲ್ಲಿ ಎಪ್ಪತ್ತರ ಮುದುಕರೊಬ್ಬರು, ಅವರ ಹೆಂಡತಿ. ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡ ಮುದುಕಿ.

ಮುದುಕರ ದಿನ ಸಕ್ಕರೆ ಧಾರಾಳವಾಗಿ ಬಿದ್ದ ಚಹಾದಿಂದ ಮೊದಲಾಗುತ್ತದೆ. ಬೆಳಿಗ್ಗೆ ಪಾಂತಾ, ಎಂದರೆ ರಾತ್ರಿ ನೀರಿನಲ್ಲಿ ನೆನೆಯಿಟ್ಟ ತಂಗಳನ್ನ. ಜೊತೆಗೆ ಹಸಿಮೆಣಸಿನಕಾಯಿ, ಈರುಳ್ಳಿ, ಉಪ್ಪು. ಮಜ್ಜಿಗೆ ಬೆರೆಸಿದ ತಂಗಳನ್ನವುಂಡು ಬೆಳೆದ ಕನ್ನಡಿಗರು ಇದನ್ನು ಕಂಡು ನಗಬೇಕಾಗಿಲ್ಲ. ಹುಳಿಯೇರಿದ ಅನ್ನದಲ್ಲಿ ಕಬ್ಬಿಣ ಮೊದಲಾದ ಲವಣಗಳು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ, ಬಿಸಿಲಿಗೆ ತಂಪೂ ಹೌದು. ಕೆಡುಕು ಅನ್ನದಲ್ಲಿಲ್ಲ, ಅದಕ್ಕೆ ಸುರಿಯುವ ಉಪ್ಪಿನಲ್ಲಿದೆ. ವಯಸ್ಸಾದಂತೆ ನಾಲಿಗೆಯ ರುಚಿ ಮಂದವಾಗುತ್ತದೆ. ಮನೆಯವರಿಗೆಲ್ಲ ಸರಿಯಾದ ಉಪ್ಪು ಮುದುಕರಿಗೆ ಸಪ್ಪೆ. ಅವರ ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಗುತ್ತದೆ. ರಕ್ತದೊತ್ತಡದ ಗುಳಿಗೆಯೂ ಅದೇ ಡಬ್ಬಿಯ ಪಕ್ಕದಲ್ಲಿರುತ್ತದೆಂಬುದು ಬೇರೆ ಮಾತು.

ಮಧ್ಯಾಹ್ನ ಅನ್ನದ ಗುಡ್ಡ, ಮೀನಿನ ಸಾರು. ಮೀನಿನ ತಲೆ ಯಾರ ಎಲೆಗೆ ಬೀಳಬೇಕೆಂಬ ವಿಷಯದಲ್ಲಿ ಬಂಗಾಳಿ ಮನೆಗಳಲ್ಲಿ ಚರ್ಚೆಯಿಲ್ಲ. ಅದು ಗಂಡಸಿನ ಮರ್ಯಾದೆ. ಸಂಜೆ ಸಿಂಧನೂರಿನ ಕಡೆ ಹೋದರೆ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ. ಇಷ್ಟು ವರ್ಷ ಈ ನಾಡಿನಲ್ಲಿದ್ದದ್ದಕ್ಕೆ ಅಷ್ಟಾದರೂ ಕನ್ನಡಿಗರಾಗಬೇಡವೆ? ರಾತ್ರಿ ಮತ್ತೆ ಅನ್ನ. ಸೂತ್ರಗಳ ತಕ್ಕಡಿಯಲ್ಲಿ ತೂಗಿದರೆ ಇವರು ಮೀನಿನಲ್ಲಿ ಗೆದ್ದರು. ಅನ್ನ, ಉಪ್ಪು, ಸಕ್ಕರೆಗಳಲ್ಲಿ ಸೋತರು. ಒಟ್ಟಿನಲ್ಲಿ ಇವರ ತಪ್ಪೆಲ್ಲ ಹೆಚ್ಚಿನ ತಪ್ಪು.

ಅವರ ಹೆಂಡತಿಯ ತಪ್ಪು ಕಡಿಮೆಯದು. ಗಂಡ, ಮಗ, ಮೊಮ್ಮಕ್ಕಳು ಎದ್ದ ಮೇಲೆ ಆಕೆ ಕೂರುವುದು. ಅಷ್ಟರಲ್ಲಿ ಸಾರಿನಲ್ಲಿ ಮೀನಿಗಿಂತ ಮೀನಿನ ನೆನಪೇ ಹೆಚ್ಚು. ಒಂದು ಸಮಾಧಾನವುಂಟು: ಮುಳ್ಳಿನ ಸಮೇತ ಅಗಿದು ತಿನ್ನುವ ಸಣ್ಣ ಮೀನುಗಳನ್ನು ಗಂಡಸರು ಅಷ್ಟಾಗಿ ಗಣಿಸುವುದಿಲ್ಲವಾಗಿ ಅವು ಆಕೆಯ ಪಾಲಿಗೆ ಉಳಿಯುತ್ತವೆ. ದೊಡ್ಡ ಮೀನಿನ ತುಂಡಿಗಿಂತ ಈ ಬಡ ಮೀನುಗಳಲ್ಲಿಯೇ ಸುಣ್ಣದ ಅಂಶ ಅಧಿಕ. ಮೂಳೆ ಸವೆಯುವ ವಯಸ್ಸಿನ ಹೆಂಗಸಿಗೆ ಅದೇ ಬೇಕಾದದ್ದು. ಮರ್ಯಾದೆಯ ಹಂಚಿಕೆಯಲ್ಲಿ ಸೋತವಳು ಸುಣ್ಣದ ಹಂಚಿಕೆಯಲ್ಲಿ ಗೆದ್ದಳು. ಯಾರೂ ಬಯಸಿ ಮಾಡಿದ ನ್ಯಾಯವಲ್ಲ ಅದು.

ಅಮೆರಿಕದಲ್ಲಿ ಜನರ ಊಟವನ್ನು ಅಲ್ಲಿನ ಸರ್ಕಾರದ ಸೂತ್ರಗಳೊಂದಿಗೆ ಹೋಲಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿಯುಂಟು. ಅರವತ್ತು ದಾಟಿದವರು ಅಲ್ಲಿ ಪಡೆಯುವುದು ಅರವತ್ತರ ಆಸುಪಾಸಿನ ಅಂಕ. ಅದರಲ್ಲಿ ಹೆಂಗಸರು ಗಂಡಸರಿಗಿಂತ ಒಂದು ಹೆಜ್ಜೆ ಮುಂದೆ. ಅಲ್ಲಿಯ ಮುದುಕಿ ಹೆಚ್ಚು ತರಕಾರಿಯನ್ನು ಆರಿಸಿಕೊಂಡು ಗೆಲ್ಲುತ್ತಾಳೆ. ಆರಿಸಿಕೊಳ್ಳುವುದಕ್ಕೆ ಆಸ್ಪದವಿಲ್ಲದ ಕಡೆ ಈ ಲೆಕ್ಕವನ್ನು ತಂದು ಹಚ್ಚಿದರೆ ಏನಾದೀತೆಂಬುದಕ್ಕೆ ಪಕ್ಕದ ಮನೆಗೆ ಹೋಗಬೇಕು.

ಬಂಗಾಳದ ಹಿಂದೂ ವಿಧವೆಗೆ ಸಂಪ್ರದಾಯವು ವಿಧಿಸಿದ ಆಹಾರನಿಯಮಗಳು ಪೋಷಣ ಸಂಸ್ಥೆಯ ಸೂತ್ರಗಳಿಗಿಂತ ಬಹು ಹಳೆಯವು, ಬಹು ಕಠಿಣವಾದವು. ಮೀನು ವರ್ಜ್ಯ, ಮಾಂಸ, ಮೊಟ್ಟೆ ವರ್ಜ್ಯ. ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ. ಕೆಂಪಗಿರುವ ಮಸೂರ ಬೇಳೆಯನ್ನೂ ಮಾಂಸದ ಪಂಕ್ತಿಗೆ ಸೇರಿಸಿಬಿಟ್ಟರು. ದಿನಕ್ಕೆ ಒಂದೇ ಹೊತ್ತು ಅನ್ನ. ತಿಂಗಳಿಗೆ ಎರಡು ಏಕಾದಶಿ, ಅದೂ ಕಟ್ಟುನಿಟ್ಟಾದವರಿಗೆ ನಿರ್ಜಲ. ನವದ್ವೀಪದ ರಘುನಂದನ ಭಟ್ಟಾಚಾರ್ಯರು ಹದಿನಾರನೆಯ ಶತಮಾನದಲ್ಲಿ ಏಕಾದಶಿಯ ತತ್ತ್ವವನ್ನು ಕುರಿತು ಒಂದು ನಿಬಂಧವನ್ನೇ ಬರೆದರು. ಮಡಿಯುಟ್ಟ ಅಜ್ಜಿ ರಾತ್ರಿ ಫಲಾಹಾರವೆಂದು ಒಂದು ಹಿಡಿ ಅವಲಕ್ಕಿಯಲ್ಲಿ ಮುಗಿಸುತ್ತಿದ್ದುದನ್ನು ಕಂಡ ಕನ್ನಡ ಮನೆಗಳಿಗೆ ಇದು ತೀರ ಹೊಸ ಸಂಗತಿಯೇನಲ್ಲ.

ಗಮನಿಸಬೇಕಾದದ್ದೇನೆಂದರೆ, ಈ ನಿಯಮಗಳು ಹುಟ್ಟಿದ್ದು ಹಾಲು ತುಪ್ಪಗಳಿಗೆ ಕೊರತೆಯಿಲ್ಲದ ಮೇಲುಜಾತಿಯ ಮನೆಗಳಲ್ಲಿ. ಅಲ್ಲಿಯ ವಿಧವೆಯ ಹವಿಷ್ಯಾನ್ನದ ಮೇಲೆ ತುಪ್ಪವಿತ್ತು. ಪಕ್ಕದಲ್ಲಿ ಹಾಲು, ಬಾಳೆಹಣ್ಣು, ಹೆಸರುಬೇಳೆ ಇದ್ದವು. ಮೀನು ಹೋದರೂ ಹಸು ಇತ್ತು. ದುಡಿಯುವ ಜಾತಿಗಳಲ್ಲಿ ವಿಧವೆಯರು ಮರುಮದುವೆಯಾಗುವುದೂ ಹಿಂದೆ ಸಾಮಾನ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸಮಾಜದಲ್ಲಿ ಮೇಲಕ್ಕೇರುವ ಹಂಬಲದಿಂದ ಅವರೂ ಮೇಲಿನವರ ಆಚಾರಗಳನ್ನು ಎತ್ತಿಕೊಂಡರು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ ೧೮೫೬ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆತ ಕಾಲಕ್ಕೇ, ಅದನ್ನು ಮೊದಲಿನಿಂದ ಬಲ್ಲ ಜನ ಅದನ್ನು ಬಿಡತೊಡಗಿದ್ದು ಚರಿತ್ರೆಯ ಕುಚೋದ್ಯವಲ್ಲದೆ ಮತ್ತೇನು! ಹೀಗೆ ಬ್ರಾಹ್ಮಣ ವಿಧವೆಯ ನಿಯಮ ಬಡವಿಯ ಮನೆಗೆ ಬಂದಿತು. ಬ್ರಾಹ್ಮಣ ಮನೆಯ ಹಸು ಮಾತ್ರ ಬರಲಿಲ್ಲ.

ನಿರಾಶ್ರಿತರ ಗುಡಿಸಲಿಗೆ ಆ ನಿಯಮ ಬಂದು ಮುಟ್ಟುವ ಹೊತ್ತಿಗೆ ಎಲೆಯ ಮೇಲೆ ಉಳಿದದ್ದು ಅನ್ನ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಉಪ್ಪು. ಹಾಗಲಕಾಯಿ, ಸೊಪ್ಪು ಸಿಕ್ಕ ದಿನ ಸುದಿನ. ಮುಪ್ಪಿನಲ್ಲಿ ಮಾಂಸಖಂಡ ತಾನಾಗಿಯೇ ಕರಗುತ್ತದೆ. ಅದನ್ನು ತಡೆಯಲು ಪ್ರೋಟೀನು ಬೇಕು, ಅದು ಆ ಎಲೆಯಲ್ಲಿಲ್ಲ. ಬಿ-೧೨ ಎಂಬ ಜೀವಸತ್ವ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ದೊರೆಯತಕ್ಕದ್ದು. ಜಠರದ ಆಮ್ಲ ತಗ್ಗಿದ ಮುದುಕರಿಗೆ ತಿಂದ ಬಿ-೧೨ ಕೂಡ ಪೂರ್ತಿಯಾಗಿ ಹಿಡಿಯುವುದಿಲ್ಲ. ತಿನ್ನದವರ ಪಾಡನ್ನು ಹೇಳಬೇಕೆ? ಕಾಲು ಜೋಮು ಹಿಡಿಯುವುದು, ನೆನಪು ಮಸುಕಾಗುವುದು, ರಕ್ತ ಕುಂದುವುದು — ಇವನ್ನೆಲ್ಲ ಮನೆಯವರು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಧಾರವಾಡದ ಜನಸಂಖ್ಯಾ ಸಂಶೋಧನ ಕೇಂದ್ರದಲ್ಲಿ ಕೆಲಸ ಮಾಡಿದ ಪಿ. ಎನ್. ಮಾರಿ ಭಟ್ಟರು ೧೯೯೦ರ ದಶಕದಲ್ಲಿ ಭಾರತದ ವಿಧವೆಯರ ಮರಣದ ಲೆಕ್ಕವನ್ನು ಹಾಕಿದರು. ಅದೇ ವಯಸ್ಸಿನ ಮುತ್ತೈದೆಯರಿಗಿಂತ ವೃದ್ಧ ವಿಧವೆಯರ ಮರಣದ ಪ್ರಮಾಣ ಸರಾಸರಿ ನೂರಕ್ಕೆ ೮೬ರಷ್ಟು ಅಧಿಕವೆಂದು ತೇಲಿತು. ಊಟವೊಂದೇ ಅದಕ್ಕೆ ಕಾರಣವೆನ್ನಲಾಗದು. ಬಡತನವುಂಟು, ಒಂಟಿತನವುಂಟು, ಚಿಕಿತ್ಸೆ ಕೊಡಿಸುವವರ ಅಭಾವವುಂಟು. ಆದರೆ ಈ ಮೂರೂ ಕೊನೆಗೆ ಬಂದು ಕೂರುವುದು ಊಟದೆಲೆಯ ಮುಂದೆಯೇ.

ಆಶಾ ಕಾರ್ಯಕರ್ತೆ ಇಂಥ ಮನೆಗೆ ಬರುತ್ತಾಳೆ. ರಕ್ತದೊತ್ತಡ ನೋಡಿ, ಸಕ್ಕರೆ ನೋಡಿ, "ಅಮ್ಮಾ, ನಿಮಗ ಶಕ್ತಿ ಕಡಿಮಿ ಆಗೇದ್ರಿ. ಮೀನು, ತತ್ತಿ ತಿನ್ರಿ" ಎನ್ನುತ್ತಾಳೆ. ಕನ್ನಡ ಶಾಲೆಗೆ ಹೋಗುವ ಮೊಮ್ಮಗಳು ಅದನ್ನು ಬಂಗಾಳಿಗೆ ತಿರುಗಿಸಬೇಕು. ಹುಡುಗಿ ಅರೆಗಳಿಗೆ ಸುಮ್ಮನಿದ್ದು, "ಠಾಕುಮಾ, ಚೆನ್ನಾಗಿ ಊಟ ಮಾಡಬೇಕಂತೆ" ಎಂದಷ್ಟೇ ಹೇಳುತ್ತಾಳೆ. ಮುದುಕಿ ತಲೆಯಾಡಿಸುತ್ತಾಳೆ. ಸರ್ಕಾರದ ಪುಸ್ತಕದಲ್ಲಿ ಸಲಹೆ ಕೊಟ್ಟದ್ದೂ ನಿಜ, ಕೇಳಿದ್ದೂ ನಿಜ. ಮಾತು ಎಲ್ಲಿ ಕಳೆದುಹೋಯಿತೆಂಬುದನ್ನು ಬರೆಯುವುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ.

ಹಾಗೆಂದು ಮುದುಕಿಗೆ ಮೀನು ತಿನ್ನಿಸಲೇಬೇಕೆಂದು ಹಟ ಹಿಡಿಯುವುದೂ ವಿವೇಕವಲ್ಲ. ಇಪ್ಪತ್ತು ವರ್ಷ ಕಾದುಕೊಂಡು ಬಂದ ವ್ರತ ಆಕೆಯ ಪಾಲಿಗೆ ಗಂಡನ ನೆನಪೂ ಹೌದು, ತನ್ನ ಗೌರವವೂ ಹೌದು. ಹರೆಯದ ಸೊಸೆಗೆ ಅದನ್ನು ಹೊರಿಸಿದರೆ ಅನ್ಯಾಯ. ಎಪ್ಪತ್ತರ ಮುದುಕಿಯಿಂದ ಅದನ್ನು ಕಿತ್ತುಕೊಂಡರೆ ಅದೂ ಒಂದು ಬಗೆಯ ಅನ್ಯಾಯವೇ. ಶಾಸ್ತ್ರವೇ ತೆರೆದಿಟ್ಟಿರುವ ಬಾಗಿಲುಗಳು ಎಷ್ಟೋ ಇವೆ. ಎಂಟು ವರ್ಷ ದಾಟಿದವರಿಗೂ ಎಂಬತ್ತು ತುಂಬದವರಿಗೂ ಮಾತ್ರ ಏಕಾದಶಿಯ ಕಟ್ಟು. ಎಂಬತ್ತಾದವರನ್ನು ಸ್ಮೃತಿಕಾರರೇ ಬಿಟ್ಟುಬಿಟ್ಟಿದ್ದಾರೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ — ಈ ಎಂಟರಿಂದ ವ್ರತಭಂಗವಾಗದೆಂದು ಮಹಾಭಾರತದ ಉದ್ಯೋಗಪರ್ವದಲ್ಲಿಯೇ ಬಂದಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿ ಮೀರುವ ರಾಯಚೂರಿನ ಬಿಸಿಲಿನಲ್ಲಿ, ಬಾಯಾರಿಕೆಯ ಅರಿವೇ ಮಂದವಾದ ಮುದುಕಿ ನೀರೂ ಕುಡಿಯದೆ ಕೂತು, ಮೇಲೆ ಸಕ್ಕರೆಕಾಯಿಲೆಯ ಗುಳಿಗೆಯನ್ನೂ ನುಂಗಿದರೆ ಆಗುವ ಅಪಾಯವನ್ನು ತಿಳಿಸುವುದಕ್ಕೆ ಒಬ್ಬ ವೈದ್ಯ ಸಾಲದು. ಜೊತೆಗೆ ಈ ಮಾತನ್ನು ಬಲ್ಲ ಒಬ್ಬ ಪುರೋಹಿತನೂ ಬೇಕು.

ಇನ್ನು ಹಣದ ಮಾತು. ಎಲ್ಲ ಸೂತ್ರಗಳೂ ಎಡವುವ ಹೊಸ್ತಿಲು ಇದು. ದಿನಕ್ಕೆ ೨೫೦ ಗ್ರಾಂ ಧಾನ್ಯವೆಂದರೆ ತಿಂಗಳಿಗೆ ಏಳೂವರೆ ಕಿಲೋ. ಪಡಿತರದ ಅಕ್ಕಿಯಿಂದ ಅಷ್ಟು ಹೊಟ್ಟೆ ತುಂಬೀತು. ಆದರೆ ದಿನಕ್ಕೆ ೩೦೦ ಮಿಲಿಲೀಟರಿನಂತೆ ತಿಂಗಳಿಗೆ ಒಂಬತ್ತು ಲೀಟರು ಹಾಲು. ೨೦೨೫ರ ಏಪ್ರಿಲಿನಲ್ಲಿ ಬೆಲೆಯೇರಿದಾಗ ನಂದಿನಿಯ ಸಾಧಾರಣ ಹಾಲು ಲೀಟರಿಗೆ ೪೬ ರೂಪಾಯಿಯಾಯಿತು. ಹಾಲಿಗೇ ನಾನೂರ ಹದಿನಾಲ್ಕು ರೂಪಾಯಿ. ಬೇಳೆ ಎರಡೂವರೆ ಕಿಲೋ, ತರಕಾರಿ ಹನ್ನೆರಡು ಕಿಲೋ, ಹಣ್ಣು ಮೂರು ಕಿಲೋ. ರಾಜ್ಯ ಸರ್ಕಾರ ವಿಧವೆಗೆ ಕೊಡುವ ಮಾಸಾಶನ ೮೦೦ ರೂಪಾಯಿ. ಅರವತ್ತೈದು ದಾಟಿದವರ ಸಂಧ್ಯಾ ಸುರಕ್ಷಾ ೧,೨೦೦. ಎಂಟುನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಲಿಗೇ ಹೋದರೆ ಉಳಿದದ್ದರಲ್ಲಿ ಬೇಳೆ ಕೊಳ್ಳಬೇಕೋ, ಹಣ್ಣು ಕೊಳ್ಳಬೇಕೋ, ಮೊಮ್ಮಗನ ಕೈಗೆ ಹತ್ತು ರೂಪಾಯಿ ಕೊಡಬೇಕೋ? ಮುದುಕಿಯರು ಬಹುಮಟ್ಟಿಗೆ ಮೂರನೆಯದನ್ನೇ ಮೊದಲು ಮಾಡುತ್ತಾರೆ. ೨೦೨೫ರ ಅಕ್ಟೋಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಪೊಟ್ಟಣವನ್ನು ಕೊಡುವುದೆಂದು ತೀರ್ಮಾನಿಸಿತು. ಬೇಳೆಯನ್ನು ಸೇರಿಸಿದ ಬುದ್ಧಿಗೆ ಮೆಚ್ಚಬೇಕು. ಸಕ್ಕರೆಯನ್ನೂ ಉಪ್ಪನ್ನೂ ಸೇರಿಸಿದ ಬುದ್ಧಿಗೆ ಪೋಷಣ ಸಂಸ್ಥೆಯವರು ಏನನ್ನುವರೋ!

ಅಗ್ಗದ ದಾರಿಯೊಂದು ಕ್ಯಾಂಪಿನ ಬೇಲಿಯಾಚೆಗೇ ಇದೆ. ಸುತ್ತಲಿನ ಹಳ್ಳಿಗಳ ಹಳೆಯ ಊಟ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಅಗಸಿ ಹಿಂಡಿ. ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಂ ನಾರು. ಬಿಳಿಯ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಮೀನನ್ನು ಬಿಟ್ಟವಳಿಗೆ ಮೀನೆಣ್ಣೆಯ ಬಂಧುವಿನಂಥ ಒಂದು ಕೊಬ್ಬು ಅಗಸೆಯಲ್ಲಿ ದೊರೆಯುತ್ತದೆ. ಶೇಂಗಾ ಪ್ರೋಟೀನನ್ನು ಕೊಡುತ್ತದೆ. ಸಂಪ್ರದಾಯದ ತಕರಾರು ಮಸೂರದ ಮೇಲೆ ಮಾತ್ರ. ಹೆಸರುಬೇಳೆ, ಕಡಲೆಬೇಳೆಗಳ ಮೇಲಿಲ್ಲ. ಹಲ್ಲಿಲ್ಲದವರಿಗೆ ಖಡಕ್ ರೊಟ್ಟಿ ಆಗದೆಂಬುದು ನಿಜ. ಅದಕ್ಕೇ ಅಲ್ಲವೆ ಈ ಸೀಮೆಯ ಅಜ್ಜಂದಿರು ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸುವುದು? ಜೋಳದ ನುಚ್ಚಂತೂ ಹಲ್ಲಿನ ಹಂಗಿಲ್ಲದ ಊಟ. ದುಃಖದ ಸಂಗತಿಯೆಂದರೆ, ಕಾಲುವೆಯ ಅಕ್ಕಿ ಮತ್ತು ಪಡಿತರದ ಅಕ್ಕಿ ಎರಡೂ ಸೇರಿ ಕನ್ನಡ ಹಳ್ಳಿಗಳ ಮುದುಕರೇ ಜೋಳವನ್ನು ಮರೆಯುತ್ತಿದ್ದಾರೆ. ನೆರೆಯವರು ಕಲಿಯಬೇಕೆನ್ನುವ ಹೊತ್ತಿಗೆ ಕಲಿಸಬೇಕಾದವರೇ ಪಾಠ ಬಿಟ್ಟರೆ ಹೇಗೆ?

ಆದರೂ ಬೇಲಿಗಳಲ್ಲಿ ಕಂಡಿಗಳಿರುತ್ತವೆ. ಗದ್ದೆಯಲ್ಲಿ ಜೊತೆಗೆ ನಾಟಿ ಮಾಡುವ ಹೆಂಗಸರು ಬುತ್ತಿ ಬಿಚ್ಚಿದಾಗ ಹಿಂಡಿ ಆ ಕಡೆಗೂ, ಮೀನು ಈ ಕಡೆಗೂ ಹೋಗುವುದುಂಟು. ಮನಸ್ಸಿನಲ್ಲಿ ಚಿತ್ರಿಸಿಕೊಂಡ ಆ ಎರಡನೆಯ ಮನೆಗೂ ಅಗಸಿ ಹಿಂಡಿ ಹಾಗೆಯೇ ಬಂದಿತೆನ್ನೋಣ. ಸೊಸೆ ಅದನ್ನು ಮುದುಕಿಯ ಮುಂದಿಟ್ಟಳು. ಮುದುಕಿ ಮೂಸಿ ನೋಡಿ ಬದಿಗೆ ಸರಿಸಿದಳು. ಅದರಲ್ಲಿ ಬೆಳ್ಳುಳ್ಳಿ ಇದ್ದಿತು. ಸೊಸೆ ಮರುದಿನ ಗದ್ದೆಯಲ್ಲಿ ಅದನ್ನು ಹೇಳಿಕೊಂಡಾಗ ಕನ್ನಡದಾಕೆ, "ಅಯ್ಯ, ಮದ್ಲೇ ಹೇಳಬಾರದೇನವ್ವಾ? ನಮ್ಮ ಅತ್ತಿನೂ ಸೋಮಾರ ಬಳ್ಳೊಳ್ಳಿ ಮುಟ್ಟಂಗಿಲ್ಲ" ಎಂದಳು. ಆ ವಾರವೇ ಬೆಳ್ಳುಳ್ಳಿಯಿಲ್ಲದ ಹಿಂಡಿ ಒಂದು ಡಬ್ಬಿಯಲ್ಲಿ ಬಂದಿತು.

ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಹೆಸರುಬೇಳೆ ಹಾಕಿ ಬೇಯಿಸಿದ ಮೆತ್ತನೆಯ ನುಚ್ಚಿನ ಮೇಲೆ ಮೊಮ್ಮಗಳು ಅದನ್ನು ಉದುರಿಸಿ ಕೊಟ್ಟಳು. ಮುದುಕಿ ನಿಧಾನವಾಗಿ ಒಂದು ತುತ್ತು ಉಂಡಳು. ಎರಡನೆಯದನ್ನೂ ಉಂಡಳು. ಮೂರನೆಯದಕ್ಕೆ ಕೈ ತಡೆದು, ಉಪ್ಪು ಸಾಲದು ಎಂದಳು.